ತೊಳೆದ ಕೈ, ತೊಳೆಯದ ಫೋನು

ಊಟಕ್ಕೆ ಮುನ್ನ ಕೈ ತೊಳೆಯಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಆದರೆ ಕೈ ತೊಳೆದು ತಟ್ಟೆಯ ಮುಂದೆ ಕುಳಿತೊಡನೆಯೇ ಮೊಬೈಲ್ ಫೋನು ಕೂಗುತ್ತದೆ. ಮನೆಯ ಯಜಮಾನರು ಅದನ್ನೆತ್ತಿ ನಾಲ್ಕು ಮಾತನಾಡುತ್ತಾರೆ. ಮತ್ತೆ ಅದೇ ಕೈಯಿಂದ ಅನ್ನ ಕಲಸುತ್ತಾರೆ. ತೊಳೆದ ಕೈಯ ಶುಚಿತ್ವ ಏನಾಯಿತೆಂದು ಯಾರೂ ಯೋಚಿಸುವುದಿಲ್ಲ.

2011ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಆರೋಗ್ಯ ಮತ್ತು ಉಷ್ಣವಲಯ ವೈದ್ಯವಿದ್ಯಾಲಯದ ವಿಜ್ಞಾನಿಗಳು ಬ್ರಿಟನ್ನಿನ 12 ನಗರಗಳಲ್ಲಿ ಜನರ ಕೈಗಳಿಂದಲೂ ಫೋನುಗಳಿಂದಲೂ 390 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಶೇಕಡಾ 82ರಷ್ಟು ಕೈಗಳಲ್ಲಿ ಬ್ಯಾಕ್ಟೀರಿಯಗಳಿದ್ದರೆ, ಫೋನುಗಳಲ್ಲಿ ಆ ಪ್ರಮಾಣ ಶೇಕಡಾ 92! ಮಲದ ಮೂಲಕ ಬರುವ ಈ-ಕೋಲಿ ಎಂಬ ಜಾತಿ ಶೇಕಡಾ 16ರಷ್ಟು ಫೋನುಗಳಲ್ಲಿ ಕಂಡುಬಂದಿತು. ಸ್ವಾರಸ್ಯವೆಂದರೆ, ಸಾಧ್ಯವಾದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯುತ್ತೇವೆಂದು ಹೇಳಿದವರು ಶೇಕಡಾ 95ರಷ್ಟು ಮಂದಿ. ಬಾಯಿ ಹೇಳಿದುದಕ್ಕೆ ಕೈ ಸಾಕ್ಷಿ ನುಡಿಯಲಿಲ್ಲ.

ಕಾರಣ ಸರಳ. ಬೆರಳಿನ ಬೆವರು, ಜಿಡ್ಡು ಫೋನಿನ ಗಾಜಿಗೆ ಅಂಟಿಕೊಳ್ಳುತ್ತವೆ. ಅವುಗಳೊಡನೆ ಸೂಕ್ಷ್ಮಜೀವಿಗಳೂ ಅಂಟಿಕೊಳ್ಳುತ್ತವೆ. ಶೌಚಾಲಯಕ್ಕೂ ಫೋನನ್ನು ಕೊಂಡೊಯ್ಯುವವರಿಗಂತೂ ಹೆಚ್ಚು ಹೇಳಬೇಕಾಗಿಲ್ಲ.

ಹಾಗೆಂದು ಗಾಬರಿಗೊಳ್ಳುವುದು ಬೇಡ. ಈ ಜೀವಿಗಳಲ್ಲಿ ಬಹುಪಾಲು ನಮ್ಮ ಚರ್ಮದ ಮೇಲೆಯೇ ವಾಸಿಸುವ ನಿರುಪದ್ರವಿಗಳು. ಆದರೆ ಕೀವು, ಹುಣ್ಣುಗಳಿಗೆ ಕಾರಣವಾಗಬಲ್ಲ ಸ್ಟ್ಯಾಫಿಲೋಕಾಕಸ್ ಸಹ ಆಸ್ಪತ್ರೆಯ ವೈದ್ಯರ, ದಾದಿಯರ ಫೋನುಗಳಲ್ಲಿ ದೊರೆತಿರುವುದುಂಟು. ಮನೆಯಲ್ಲಿ ರೋಗಿಗಳೋ ವೃದ್ಧರೋ ಇದ್ದರೆ ಎಚ್ಚರ ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ ಕೂಸಿನ ವಿಷಯ. ಅಳುವ ಮಗುವಿನ ಕೈಗೆ ಫೋನು ಕೊಟ್ಟು ತುತ್ತಿಡುವ ತಾಯಂದಿರು ಇಂದು ಅನೇಕರು. ಮಗುವಾದರೋ ಅದನ್ನು ನೇರವಾಗಿ ಬಾಯಿಗಿಡುತ್ತದೆ!

ಪರಿಹಾರ ಕಷ್ಟವಲ್ಲ. ಫೋನನ್ನು ಆರಿಸಿ, ಹೊರಕವಚವನ್ನು ಕಳಚಿ, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ತೋಯಿಸಿದ ಮೃದುವಾದ ಬಟ್ಟೆಯಿಂದ ಒರೆಸಬಹುದು. ದ್ರವವನ್ನು ಫೋನಿನ ಮೇಲೆ ಸುರಿಯಬಾರದು. ಬ್ಲೀಚಿಂಗ್ ದ್ರಾವಣ ಕೂಡದು. ತಯಾರಕರ ಸೂಚನೆಯನ್ನು ಮೊದಲು ಓದಿಕೊಳ್ಳುವುದು ಕ್ಷೇಮ. ಶೌಚಾಲಯಕ್ಕೂ ಊಟದ ಸ್ಥಳಕ್ಕೂ ಫೋನು ಬಾರದಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಸಾಬೂನು, ನೀರು ಮಾಡುತ್ತವೆ.

ಬೀದಿಯ ಚಪ್ಪಲಿಯನ್ನು ಬಾಗಿಲಾಚೆಗೇ ಬಿಡುವ ನಾವು, ಊರೆಲ್ಲ ಸುತ್ತಿಬಂದ ಫೋನನ್ನು ದಿಂಬಿನ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತೇವೆ. ಇಂದು ರಾತ್ರಿ ಅದನ್ನೊಮ್ಮೆ ಒರೆಸಿಟ್ಟು ಮಲಗಬಾರದೇಕೆ?