ಎಣ್ಣೆಯ ಗುಣ ಗದ್ದೆಯಲ್ಲೇ

ಕಾರವಾರ–ಅಂಕೋಲಾ ನಡುವಿನ ಚೆಂಡಿಯಾದ ಸುತ್ತಿನ ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಗೆ, ಪಸೆ ಆರುವ ಮುನ್ನವೇ, ಶೇಂಗಾ ಬಿತ್ತುವ ರೂಢಿಯಿದೆ. ಮರಳು ಬೆರೆತ ಸಡಿಲ ಮಣ್ಣು ಕಾಯಿಗೂ ಹಿತ, ಕೀಳುವವರಿಗೂ ಹಗುರ. ಆದರೆ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆ ಇಂಥ ಮಣ್ಣಿನಲ್ಲಿರುವ ಗಂಧಕವನ್ನು ತೊಳೆದೊಯ್ಯುತ್ತದೆ.

ಶೇಂಗಾ ಎಣ್ಣೆಯಲ್ಲಿ ಗಂಧಕವಿಲ್ಲ. ಆದರೆ ಗಂಧಕವಿಲ್ಲದೆ ಎಣ್ಣೆ ಆಗದು. ಎಳೆ ಬೀಜದೊಳಗೆ ಸಕ್ಕರೆ ಕೊಬ್ಬಾಗಿ ಮಾರ್ಪಡಲು ಬೇಕಾದ ಸಹಕಿಣ್ವ–ಎ ಮತ್ತು ಬಯೋಟಿನ್ ಎರಡರಲ್ಲೂ ಗಂಧಕ ಸೇರಿದೆ. ಕೊರತೆ ಬಿದ್ದರೆ ಮೊದಲು ಹಳದಿಯಾಗುವುದು ತುದಿಯ ಎಳೆ ಎಲೆ. ಸಾರಜನಕದ ಕೊರತೆಯಾದರೆ ಬುಡದ ಹಳೆ ಎಲೆ ಹಳದಿಯಾಗುತ್ತದೆ. ಈ ವ್ಯತ್ಯಾಸ ಗಮನಿಸದೆ ಯೂರಿಯಾ ಎರಚಿದರೆ ದುಡ್ಡು ದಂಡ.

ಯೂರಿಯಾ, ಡಿಎಪಿ ಚೀಲಗಳಲ್ಲಿ ಗಂಧಕ ಇಲ್ಲವೆಂದೇ ಹೇಳಬೇಕು. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಶೇ 11ರಷ್ಟಿದೆ. 50 ಕಿಲೋ ಚೀಲಕ್ಕೆ ಐದೂವರೆ ಕಿಲೋ. ಜಿಪ್ಸಂ ಗಂಧಕದ ಜೊತೆಗೆ ಸುಣ್ಣದ ಅಂಶವನ್ನೂ ಕೊಡುತ್ತದೆ. ಹೆಕ್ಟೇರಿಗೆ 500 ಕಿಲೋ, ಅಂದರೆ ಎಕರೆಗೆ ನಾಲ್ಕು ಚೀಲ ಜಿಪ್ಸಂ ಎಂಬುದು ಶೇಂಗಾಕ್ಕೆ ರೂಢಿಯ ಶಿಫಾರಸು. ಹೂವು ಬಾಡಿ ಸೂಜಿಯಂಥ ಕುಡಿ ಮಣ್ಣಿಗಿಳಿಯುವ ಹೊತ್ತಿಗೆ ಅದನ್ನು ಬುಡಕ್ಕೆ ಹಾಕಿ ಮಣ್ಣೇರಿಸಬೇಕು. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದ ತರಿಸಿಕೊಳ್ಳುವುದಿಲ್ಲ, ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಸಿಗದಿದ್ದರೆ ಕಾಯಿ ಪೊಳ್ಳು.

ಗಂಧಕ ಕೊಟ್ಟರೆ ಎಣ್ಣೆಯ ಗುಣವೇ ಬದಲಾಗುತ್ತದೆಯೇ? ಕೊರತೆಯಿರುವ ನೆಲದಲ್ಲಿ ಎಣ್ಣೆಯ ಪ್ರಮಾಣ ಹೆಚ್ಚುತ್ತದೆ. ಆದರೆ ಎಣ್ಣೆಯ ಗುಣ ತೀರ್ಮಾನಿಸುವ ಒಲಿಯಿಕ್, ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲಗಳ ಪಾಲನ್ನು ಮುಖ್ಯವಾಗಿ ನಿರ್ಧರಿಸುವುದು ತಳಿ, ಹವೆ ಮತ್ತು ಬೀಜ ಬಲಿತ ಮಟ್ಟ. ಒಲಿಯಿಕ್ ಆಮ್ಲವೇ ಹೆಚ್ಚಿರುವ ಗಿರ್ನಾರ್–4, ಗಿರ್ನಾರ್–5 ತಳಿಗಳು ಬಂದಿರುವುದು ಅದಕ್ಕೇ. ಬೀಜ ಬಲಿತಷ್ಟೂ ಒಲಿಯಿಕ್ ಪಾಲು ಏರುತ್ತದೆ, ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲ. ಗೊಬ್ಬರದ ಕೆಲಸ ಬೀಜ ತುಂಬಲು ಬೇಕಾದುದನ್ನು ಒದಗಿಸುವುದು. ಅವಸರದಲ್ಲಿ ಕಿತ್ತರೆ ಅದೂ ವ್ಯರ್ಥ.

ಆದ್ದರಿಂದ ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಗಂಧಕದ ಅಂಕಿಯನ್ನೂ ಕೇಳಿ ಪಡೆಯಿರಿ. ಕೀಳುವ ಮೊದಲು ಒಂದೆರಡು ಗಿಡ ಕಿತ್ತು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಬೆಳ್ಳಗಿದ್ದರೆ ಇನ್ನಷ್ಟು ದಿನ ಕಾಯಿರಿ. ಕಂದು ತಿರುಗಿದ್ದರೆ ಬೀಜ ಗಾಣಕ್ಕೆ ಸಿದ್ಧ.