ಬೈಸಿಕೊಂಡ ನಟಿ, ಓದು ಕಲಿಸಿದ ಧಾರಾವಾಹಿ

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ಮೆಕ್ಸಿಕೊ ದೇಶದ ರಾಜಧಾನಿಯ ನಡುಭಾಗದಲ್ಲಿ ಒಂದು ದಿನ ವಾಹನಗಳು ಗಂಟೆಗಟ್ಟಲೆ ಅಲುಗಾಡದೆ ನಿಂತುಬಿಟ್ಟವು. ಮುಷ್ಕರವಿರಲಿಲ್ಲ, ಮೆರವಣಿಗೆಯೂ ಇರಲಿಲ್ಲ. ಸುಮಾರು 25 ಸಾವಿರ ಜನ ಒಂದೇ ಕಟ್ಟಡದ ಕಡೆ ಹೊರಟಿದ್ದರು, ಅಷ್ಟೇ. ಅಲ್ಲಿ ಕೊಡುತ್ತಿದ್ದದ್ದು ಅಕ್ಕಿಯಲ್ಲ, ಸಕ್ಕರೆಯಲ್ಲ. ಓದು-ಬರಹ ಕಲಿಯುವ ಪುಸ್ತಕ. ಬಂದವರು ಮಕ್ಕಳಲ್ಲ, ಮಕ್ಕಳ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರು. ಹಿಂದಿನ ದಿನ ಟಿ.ವಿ. ಧಾರಾವಾಹಿಯ ಕೊನೆಗೆ, ಇಂಥ ಪುಸ್ತಕ ಇಂಥಲ್ಲಿ ಸಿಗುತ್ತದೆ ಎಂದು ಹೇಳಿದ್ದರು.

ಆ ಧಾರಾವಾಹಿಯ ಹೆಸರು ‘ವೆನ್ ಕೊನ್‌ಮೀಗೊ’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ನನ್ನ ಜೊತೆ ಬಾ’. ಅದರ ಮುಖ್ಯ ನಟಿಯರಲ್ಲಿ ಒಬ್ಬರು ಸಿಲ್ವಿಯಾ ಡೆರ್ಬೆಸ್. ಇಂದು ಹೇಳಹೊರಟಿರುವುದು ಅವರ ಕಥೆ.

ಸಿಲ್ವಿಯಾ ಹುಟ್ಟಿದ್ದು 1932ರ ಮಾರ್ಚ್ 8ರಂದು, ಸಾನ್ ಲೂಯಿಸ್ ಪೊಟೊಸಿ ಎಂಬ ಊರಿನಲ್ಲಿ. ತಂದೆ ಫ್ರಾನ್ಸಿನಿಂದ ಬಂದವರು, ತಾಯಿ ಮೆಕ್ಸಿಕೊದವರು. ಇನ್ನೂ ಹದಿನೈದು ದಾಟುವ ಮೊದಲೇ ಹುಡುಗಿ ಸಿನಿಮಾಕ್ಕೆ ಕಾಲಿಟ್ಟಳು. 1949ರಲ್ಲಿ ತೆರೆಕಂಡ ‘ಸಲೋನ್ ಮೆಕ್ಸಿಕೊ’ ಆ ದೇಶದವರು ಈಗಲೂ ನೆನೆಯುವ ಚಿತ್ರ. ತಂಗಿಯನ್ನು ವಸತಿ ಶಾಲೆಯಲ್ಲಿ ಓದಿಸಲು ಅಕ್ಕ ನೃತ್ಯಶಾಲೆಯಲ್ಲಿ ಕುಣಿದು ದುಡಿಯುತ್ತಾಳೆ. ಅಕ್ಕ ಪಡುವ ಪಾಡು ತಂಗಿಗೆ ತಿಳಿಯದು. ಏನೂ ಅರಿಯದ ಆ ತಂಗಿಯ ಪಾತ್ರ ಸಿಲ್ವಿಯಾಳದು.

ಆದರೆ ಮನೆಮನೆಗೆ ಅವರ ಹೆಸರು ಮುಟ್ಟಿದ್ದು 1958ರಲ್ಲಿ. ಮೆಕ್ಸಿಕೊದ ಮೊದಲ ದೈನಿಕ ಧಾರಾವಾಹಿ ‘ಸೆಂಡಾ ಪ್ರೊಹಿಬಿದಾ’, ಅಂದರೆ ‘ನಿಷಿದ್ಧ ಹಾದಿ’, ಆ ವರ್ಷ ಶುರುವಾಯಿತು. ಬರೆದವರು ಫೆರ್ನಾಂದಾ ವಿಯೇಲಿ ಎಂಬ ಮಹಿಳೆ. ಸಾಬೂನು, ಹಲ್ಲುಜ್ಜುವ ಪೇಸ್ಟು ಮಾರುವ ಕಂಪನಿಯೊಂದು ಖರ್ಚು ನೋಡಿಕೊಂಡಿತು. (ಸಾಬೂನಿಗೂ ಧಾರಾವಾಹಿಗೂ ಇರುವ ನಂಟು ಎಲ್ಲ ದೇಶಗಳಲ್ಲೂ ಹಳೆಯದು.) ಅದರಲ್ಲಿ ಸಿಲ್ವಿಯಾ ನಾಯಕಿಯೇನೋ ಹೌದು, ಒಳ್ಳೆಯವಳಲ್ಲ. ಹಣದ ಆಸೆಗೆ, ಮದುವೆಯಾದ ತನ್ನ ಸಾಹೇಬನ ಸಂಸಾರಕ್ಕೇ ಕೈಹಾಕುವ ನೋರಾ ಎಂಬ ಕಾರ್ಯದರ್ಶಿ. ನೋರಾಳ ಮೇಲಿನ ಸಿಟ್ಟಿನಿಂದ ಜನ ಸ್ಟುಡಿಯೋ ಬಾಗಿಲಲ್ಲಿ ಕಾದು ನಿಂತು ಸಿಲ್ವಿಯಾರನ್ನು ಬೈಯುತ್ತಿದ್ದರಂತೆ. ನಮ್ಮ ಹಳ್ಳಿಗಳಲ್ಲಿ ಬಯಲಾಟದ ದುಶ್ಶಾಸನನಿಗೆ ಮರುದಿನ ಹೋಟೆಲಿನಲ್ಲಿ ಕಾಫಿ ಕೊಡಲೂ ಮುಖ ಗಂಟಿಕ್ಕುತ್ತಿದ್ದರಲ್ಲ, ಹಾಗೆ. ನಟರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೆ?

ಮಕ್ಕಳೇ, ಇನ್ನೊಂದು ವಿಷಯ ಗಮನಿಸಿ. ಆ ಧಾರಾವಾಹಿಯನ್ನು ಮೊದಲೇ ಚಿತ್ರಿಸಿ ಇಟ್ಟುಕೊಂಡು ತೋರಿಸುತ್ತಿರಲಿಲ್ಲ. ದಿನವೂ ಅರ್ಧ ಗಂಟೆ, ಸ್ಟುಡಿಯೋದಲ್ಲಿ ನಟಿಸಿದ್ದು ಆ ಕ್ಷಣವೇ ಮನೆಯ ಟಿ.ವಿ.ಯಲ್ಲಿ. ಮಾತು ತಪ್ಪಿದರೆ ತಪ್ಪಿತು, ಕುರ್ಚಿ ಬಿದ್ದರೆ ಬಿತ್ತು. ಇವತ್ತಿನ ಸಂಚಿಕೆ ಮುಗಿಯುವಷ್ಟರಲ್ಲಿ ನಾಳೆಯ ಮಾತುಗಳನ್ನು ಬಾಯಿಪಾಠ ಮಾಡಬೇಕು. ಈ ಕಷ್ಟಕ್ಕೆ ಮೆಕ್ಸಿಕೊದವರು ಒಂದು ಉಪಾಯ ರೂಢಿಸಿಕೊಂಡರು. ನಟರ ಕಿವಿಯೊಳಗೆ ಕಡಲೆಕಾಳಿನಂಥ ಪುಟ್ಟ ಯಂತ್ರ. ಮರೆಯಲ್ಲಿ ಕುಳಿತವರೊಬ್ಬರು ಮಾತುಗಳನ್ನು ಓದಿ ಹೇಳುವುದು, ನಟರು ಅದನ್ನು ಕೇಳುತ್ತಲೇ ತಮ್ಮದೆಂಬಂತೆ ಆಡುವುದು. ನಮ್ಮ ಕಂಪನಿ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದವರನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಒಂದು ಕಿವಿಯಲ್ಲಿ ಒಬ್ಬರ ದನಿ ಕೇಳುತ್ತಾ, ಎದುರಿನವರನ್ನು ನೋಡಿ ಅಳುವುದು ಸುಲಭವೇನಲ್ಲ. ಮನೆಯಲ್ಲಿ ಆಡಿ ನೋಡಿ.

1966ರಲ್ಲಿ ‘ಮರಿಯಾ ಇಸಾಬೆಲ್’ನಲ್ಲಿ ಸಿಲ್ವಿಯಾ ಮೂಲನಿವಾಸಿ ಜನಾಂಗದ ಬಡ ಹಳ್ಳಿ ಹುಡುಗಿಯಾದರು. ಹಿಂದೆ ಬೈದವರೇ ಈಗ ಕಣ್ಣೊರೆಸಿಕೊಂಡರು.

ಇನ್ನು ‘ನನ್ನ ಜೊತೆ ಬಾ’ ಕಥೆ. 1975ರಲ್ಲಿ ಮೆಕ್ಸಿಕೊ ಸರ್ಕಾರ ವಯಸ್ಕರಿಗೆ ಓದು ಕಲಿಸುವ ಯೋಜನೆ ನಡೆಸುತ್ತಿತ್ತು. ಪುಸ್ತಕಗಳು ಅಚ್ಚಾಗಿದ್ದವು. ನೆರೆಹೊರೆಯವರು ಗುಂಪಾಗಿ ಕೂತು ತಾವೇ ಕಲಿಯಬಹುದಿತ್ತು. ಆದರೆ ಕಲಿಯಲು ಬರುವವರು ಕಡಿಮೆ. ಬಡತನಕ್ಕಿಂತ ಹೆಚ್ಚಾಗಿ ಅಡ್ಡ ಬಂದದ್ದು ನಾಚಿಕೆ ಎಂದು ನನ್ನ ಎಣಿಕೆ. ಈ ವಯಸ್ಸಿನಲ್ಲಿ ಅ, ಆ ಎಂದರೆ ಜನ ನಕ್ಕಾರು ಎಂಬ ಅಂಜಿಕೆ. ಆಗ ಮಿಗೆಲ್ ಸಬಿದೊ ಎಂಬ ನಿರ್ಮಾಪಕರು ಪಾಠವನ್ನು ಕಥೆಯೊಳಗೆ ಸೇರಿಸಿದರು. ಕಥೆಯಲ್ಲಿ ಓದು ಬಾರದ ದೊಡ್ಡವರ ಒಂದು ತರಗತಿ. ಅವರಲ್ಲೂ ಪ್ರೀತಿ, ಜಗಳ, ಅಸೂಯೆ ಎಲ್ಲವೂ ಉಂಟು. ಅಲ್ಲೊಬ್ಬ ಮುದುಕ. ಮುದ್ದಿನ ಮೊಮ್ಮಗಳು ಅವನಿಗೆ ಕಾಗದ ಬರೆಯುತ್ತಾಳೆ. ಅವನಿಗೆ ಓದಲು ಬಾರದು. ಕಾಗದಗಳು ಸೇರುತ್ತಾ ಹೋಗುತ್ತವೆ. ಕೊನೆಗೊಂದು ದಿನ ಅಜ್ಜ, ಕಣ್ಣಲ್ಲಿ ನೀರು ತುಂಬಿಕೊಂಡು, ಯಾರ ನೆರವೂ ಇಲ್ಲದೆ ಅವನ್ನು ಓದುತ್ತಾನೆ.

ಬ್ಯಾಂಕಿನ ಕೌಂಟರಿನ ಹಿಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಕೂತವನು ನಾನು. ಹೆಬ್ಬೆಟ್ಟು ಒತ್ತಿದವರು ಮಸಿಯನ್ನು ಯಾರಿಗೂ ಕಾಣದಂತೆ ತಲೆಗೂದಲಿಗೆ ಒರೆಸಿಕೊಳ್ಳುವುದನ್ನು ದಿನಾ ನೋಡುತ್ತಿದ್ದೆ. ಒಮ್ಮೆ ಅರವತ್ತು ದಾಟಿದ ರೈತರೊಬ್ಬರು ಬಂದು, “ಸ್ವಾಮೀ, ನನ್ನ ಹೆಬ್ಬೆಟ್ಟು ಹೊಡೆದುಹಾಕಿ, ಸಹಿ ತಗೊಳ್ಳಿ” ಎಂದರು. ಸಾಕ್ಷರತಾ ಆಂದೋಲನದ ಕಾಲ ಅದು. ಹೆಸರಿನ ನಾಲ್ಕು ಅಕ್ಷರ ಬರೆಯಲು ಐದು ನಿಮಿಷ ಹಿಡಿಯಿತು. ಹಿಂದೆ ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಹಾಗಾಗಿ ಮೆಕ್ಸಿಕೊದ ಆ ಅಜ್ಜನ ದೃಶ್ಯವನ್ನು ನೋಡದೆಯೂ ಊಹಿಸಬಲ್ಲೆ.

ಗುಮಾಸ್ತನಿಗೆ ಲೆಕ್ಕ ಬೇಕೇ ಬೇಕು. ಧಾರಾವಾಹಿಗೆ ಹಿಂದಿನ ವರ್ಷ ಆ ಯೋಜನೆಗೆ ಹೆಸರು ಕೊಟ್ಟವರು ಒಂದು ಲಕ್ಷಕ್ಕಿಂತ ಕಡಿಮೆ. ಧಾರಾವಾಹಿ ನಡೆದ ವರ್ಷ ಸುಮಾರು 8 ಲಕ್ಷ 40 ಸಾವಿರ! ಅದು ಮುಗಿದ ಮರುವರ್ಷ ಸಂಖ್ಯೆ ಸುಮಾರು 4 ಲಕ್ಷಕ್ಕೆ ಇಳಿಯಿತು. ಇಳಿದದ್ದನ್ನೂ ಹೇಳಬೇಕು. ಆದರೂ ಮೊದಲಿಗಿಂತ ನಾಲ್ಕು ಪಟ್ಟು.

1977ರಲ್ಲಿ ಸಬಿದೊ ‘ಅಕೊಂಪಾನ್ಯಮೆ’ ಎಂಬ ಇನ್ನೊಂದು ಧಾರಾವಾಹಿ ತಂದರು. ಅದರ ವಿಷಯ ಚಿಕ್ಕ ಸಂಸಾರ. ಅದರಲ್ಲೂ ಮುಖ್ಯ ಪಾತ್ರಕ್ಕೆ ಸಿಲ್ವಿಯಾರೇ. ಈ ಸುದ್ದಿ ನಮ್ಮ ದೇಶಕ್ಕೂ ತಲುಪಿತು. ನಮ್ಮ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ವಸಂತ ಸಾಠೆ ಮೆಕ್ಸಿಕೊಗೆ ಹೋಗಿದ್ದಾಗ ಇದನ್ನು ತಿಳಿದು ಬಂದರು. ಅದರ ಫಲವೇ 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’. ಅಜ್ಜ-ಅಜ್ಜಿಯರಿಗೆ ಬಸೇಸರ್ ರಾಮ್, ಬಡ್ಕಿ, ಛುಟ್ಕಿ, ಲಲ್ಲೂ ನೆನಪಿರಲೇಬೇಕು. ಹಿಂದಿ ಅರ್ಧಂಬರ್ಧ ಬರುತ್ತಿದ್ದ ನಾವೂ, ಟಿ.ವಿ. ಇದ್ದವರ ಮನೆಯ ಹಜಾರದಲ್ಲಿ ಚಾಪೆ ಹಾಸಿ ನೋಡಿದವರೇ. ಪ್ರತಿ ಸಂಚಿಕೆಯ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಬಂದು ಎರಡು ಮಾತು ಆಡುತ್ತಿದ್ದರಲ್ಲ, ಕೊನೆಯಲ್ಲಿ ಪ್ರಸಿದ್ಧರೊಬ್ಬರು ಬಂದು ಮಾತಾಡುವ ಆ ಪದ್ಧತಿ ಸಬಿದೊ ಅವರ ಧಾರಾವಾಹಿಗಳಲ್ಲಿ ಇದ್ದದ್ದೇ.

ಒಂದು ವ್ಯತ್ಯಾಸ ಮಾತ್ರ ಹೇಳದೆ ಇರಲಾರೆ. ಮೆಕ್ಸಿಕೊದ ಧಾರಾವಾಹಿ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ವರ್ಷದಲ್ಲಿ ಮುಗಿಯುತ್ತದೆ. ಕಥೆಗೆ ಆದಿ ಇದ್ದಂತೆ ಅಂತ್ಯವೂ ಉಂಟು. ನಮ್ಮ ಈಗಿನ ಸೀರಿಯಲ್ಲುಗಳಲ್ಲಿ ಸೊಸೆಗೆ ಸೊಸೆ ಬಂದರೂ ಮುಗಿಯುವ ಲಕ್ಷಣ ಕಾಣದು.

ವಯಸ್ಸಾದಂತೆ ಸಿಲ್ವಿಯಾ ತಾಯಿಯ, ಅಜ್ಜಿಯ ಪಾತ್ರಗಳಿಗೆ ಬಂದರು. ಕೊನೆಯದು 2001ರ ‘ಲಾ ಇಂತ್ರೂಸಾ’. ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 2002ರ ಏಪ್ರಿಲ್ 6ರಂದು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ವರ್ಷ.

ಅವರ ಮಗ ಎಉಹೇನಿಯೊ ಮೆಕ್ಸಿಕೊದ ಬಹು ದೊಡ್ಡ ಹಾಸ್ಯನಟ. ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಹೆಸರಿನ ಮುಂದೆ ಮೊದಲು ತಂದೆಯ ಮನೆತನ, ಆಮೇಲೆ ತಾಯಿಯ ಮನೆತನ ಬರೆಯುವುದು ಪದ್ಧತಿ. ಆ ಲೆಕ್ಕದಲ್ಲಿ ಅವರು ಗೊನ್ಸಾಲೆಸ್ ಡೆರ್ಬೆಸ್. 2021ರಲ್ಲಿ ಬಂದು ಆಸ್ಕರ್ ಗೆದ್ದ ‘ಕೋಡಾ’ ಚಿತ್ರದಲ್ಲಿ ಹಾಡು ಕಲಿಸುವ ಮೇಷ್ಟ್ರು ಅವರೇ. ಆ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಹುಡುಕಿದರೆ ಗೊನ್ಸಾಲೆಸ್ ಸಿಗುವುದಿಲ್ಲ. ಎಉಹೇನಿಯೊ ಡೆರ್ಬೆಸ್ ಎಂದಿದೆ, ಅಮ್ಮನ ಹೆಸರು.