ನಿಘಂಟು ಹೇಳದ ಮಾತು

ಪರಭಾಷೆಗೆ ವ್ಯಾಕರಣವೇ ಹೆಬ್ಬಾಗಿಲೆಂದು ನಾನು ಬಹುಕಾಲ ನಂಬಿದ್ದೆ. ‘ಶಬ್ದಮಣಿದರ್ಪಣ’ವನ್ನು ಬಾಯಿಪಾಠ ಮಾಡಿದವನು ಇನ್ನೇನು ನಂಬಿಯಾನು? ಬಸವನಗುಡಿಯ ನಮ್ಮ ಮನೆಯಲ್ಲಿ ಜಪಾನಿ ಭಾಷೆಯ ಪದಪಟ್ಟಿ ಬರೆಯುತ್ತ, ‘ಸೋಕಾ’ ಎಂದರೆ ‘ಹೌದೇ’ ಎಂದು ಗುರುತಿಸಿ ಮುಂದೆ ಸಾಗಿದ್ದೆ. ಪ್ರಶ್ನಾರ್ಥಕವಾದ ‘ಕಾ’ ಮಾತಿನ ಕೊನೆಗೆ ಬರುತ್ತದೆ, ನಮ್ಮ ಏಕಾರದಂತೆ. ವ್ಯಾಕರಣ ಅಷ್ಟನ್ನು ಹೇಳಿತು.

ಆಮೇಲೆ ಒಂದು ಸಂಜೆ, 1971ರಲ್ಲಿ ಸ್ಥಾಪನೆಗೊಂಡ ಸುಚಿತ್ರಾ ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ಓಝು ಅವರ ‘ಟೋಕಿಯೋ ಸ್ಟೋರಿ’ (1953) ನೋಡಿದೆ. ಒನೊಮಿಚಿಯ ವೃದ್ಧ ದಂಪತಿಗಳು ಟೋಕಿಯೋದಲ್ಲಿರುವ ಮಕ್ಕಳನ್ನು ಕಾಣಲು ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಊರಿಗೆ ಮರಳಿದ ತಾಯಿ ಹಾಸಿಗೆ ಹಿಡಿಯುತ್ತಾಳೆ. ಬೆಳಗಿನವರೆಗೆ ಉಳಿಯಲಾರಳೆಂದು ವೈದ್ಯನಾದ ಹಿರಿಯ ಮಗ ಹೇಳಿದಾಗ ತಂದೆಯ ಬಾಯಿಂದ ಬರುವುದು ಅದೇ ‘ಸೋಕಾ’. ಉತ್ತರ ಬೇಡದ ಪ್ರಶ್ನೆ ಅದು. ಅದನ್ನು ಎಷ್ಟು ಮೆಲ್ಲಗೆ, ಎಷ್ಟು ತಡೆದು ಆಡಬೇಕೆಂಬುದನ್ನು ಯಾವ ನಿಘಂಟು ತಿಳಿಸೀತು? (ಇಂಥ ಚಿತ್ರವನ್ನು ಎರಡನೆಯ ಸಲ ನೋಡುವಾಗ ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳತ್ತ ಕಣ್ಣು ಹಾಯಿಸಬಾರದು.)

ನಮ್ಮ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ತಂದೆಯವರು ‘ಹೌದೇ’ ಎಂದಷ್ಟೇ ಅಂದು ಸುಮ್ಮನಾಗಿದ್ದರು. ಹುಡುಗನಾಗಿದ್ದ ನಾನು ಅದನ್ನು ಕಲ್ಲುಮನಸ್ಸೆಂದು ಬಗೆದಿದ್ದೆ. ಚಿತ್ರ ನೋಡಿ ಬಂದ ರಾತ್ರಿ ಅವರಿನ್ನೂ ಎಚ್ಚರವಾಗಿದ್ದರು. ಏನೂ ಹೇಳದೆ ಅವರ ಎದುರು ಸ್ವಲ್ಪ ಹೊತ್ತು ಕುಳಿತೆ.